ಕಪಾಟಿಗೂ ಕಪ್ಪಿಗೂ ನಂಟಿಲ್ಲ: ಮನೆಯ ಪಾತ್ರೆ-ಪೆಟ್ಟಿಗೆಗಳ ಹೆಸರಿನ ಬೇರು ಹುಡುಕುವ ಬಗೆ

ಮನೆ ಬದಲಿಸುವಾಗ ಸಾಮಾನಿನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಕಪಾಟು – 2’ ಎಂದು ಬರೆದದ್ದನ್ನು ನೋಡಿ ಮಗಳು, “ಕಬೋರ್ಡ್ ಅಂತ ನೆಟ್ಟಗೆ ಬರೀಬಾರ್ದಾ ಅಪ್ಪ? ಕಪಾಟು ಅಂತ ಯಾಕೆ ಕೆಡಿಸ್ತೀಯಾ?” ಅಂದಳು. ನನಗೂ ಹೌದೆನ್ನಿಸಿತು. ಬಕೆಟ್ಟು ಬಕೀಟಾಗಿದೆ, ಟ್ರಂಕ್ ಟ್ರಂಕು ಆಗಿದೆ, ಹಾಗೇ ಕಬೋರ್ಡು ಕಪಾಟಾಗಿರಬೇಕು ಅಂದುಕೊಂಡು ಸುಮ್ಮನಾದೆ. ಹೊಸ ಮನೆಯಲ್ಲಿ ಪುಸ್ತಕದ ಗಂಟು ಬಿಚ್ಚಿ ನಿಘಂಟು ತೆರೆದಾಗ ಅಪ್ಪ ಮಗಳು ಇಬ್ಬರೂ ದಡ್ಡರಾಗಿದ್ದೆವು. ಕಪಾಟ ಎಂಬುದು ಹಳೆಯ ಸಂಸ್ಕೃತ ಶಬ್ದ, ಅರ್ಥ ಬಾಗಿಲ ಕದ. ಗೋಡೆಯ ಗೂಡಿಗೆ ಕದ ಇಟ್ಟಾಗ ಕದದ ಹೆಸರೇ ಗೂಡಿಗೂ ಅಂಟಿಕೊಂಡು, ಮರಾಠಿಯಲ್ಲಿ ಕಪಾಟ್ ಆಯಿತು, ನಮ್ಮಲ್ಲಿ ಕಪಾಟು. ಇದೇ ಶಬ್ದದ ಇನ್ನೊಂದು ರೂಪ ಕವಾಟ. ಡಾಕ್ಟರು “ಹೃದಯದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ” ಅನ್ನುವಾಗ ಹೇಳುವುದು ಅದನ್ನೇ. ಇಂಗ್ಲಿಷಿನ ಕಬೋರ್ಡಿಗೆ ಬೇರೆಯದೇ ವಂಶ: ಕಪ್ಪು-ಬಸಿ ಇಡುವ ಹಲಗೆ ಅದು. ಕಿವಿಗೆ ಒಂದೇ ಥರ ಕೇಳಿಸಿದ್ದು ಬರೀ ಆಕಸ್ಮಿಕ.

ಅವತ್ತಿನಿಂದ ಇದೊಂದು ಗೀಳು. ಮನೆಯಲ್ಲಿ ಏನನ್ನಾದರೂ ತುಂಬಿಡುವ, ಮುಚ್ಚಿಡುವ, ಹೊತ್ತೊಯ್ಯುವ ವಸ್ತುಗಳಿಗೆಲ್ಲ ಇರುವ ಹೆಸರಿನ ಬೆನ್ನು ಹತ್ತುವುದು. ಇದಕ್ಕೆ ಪಂಡಿತರಾಗಬೇಕಿಲ್ಲ. ಒಂದಿಷ್ಟು ಕಿವಿ, ಒಂದಿಷ್ಟು ಅನುಮಾನ, ಎರಡು-ಮೂರು ನಿಘಂಟು ಸಾಕು. ನಾನು ಎಡವಿ ಕಲಿತ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

1. ಅಡುಗೆಮನೆಯಿಂದ ಶುರು ಮಾಡಿ, ನಿಘಂಟಿನಿಂದಲ್ಲ

ನೋಟುಪುಸ್ತಕ ಹಿಡಿದು ಅಡುಗೆಮನೆಗೆ ಹೋಗಿ. ನಿಮಗೆ ಗೊತ್ತಿರುವ ಹೆಸರು ಬರೆಯಬೇಡಿ. ಆ ವಸ್ತುವನ್ನು ದಿನಾ ಮುಟ್ಟುವವರು ಏನೆನ್ನುತ್ತಾರೋ ಅದನ್ನು, ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ.

ನನ್ನ ಅಮ್ಮ ಮೈಸೂರು ಕಡೆಯವರು, ಅತ್ತೆ ಧಾರವಾಡದ ಕಡೆಯವರು. ಅಮ್ಮನಿಗೆ ಚೊಂಬು, ಅತ್ತೆಗೆ ತಂಬಿಗೆ. ಅಮ್ಮನಿಗೆ ಜೇಬು, ಅತ್ತೆಗೆ ಕಿಸೆ. ಅಮ್ಮ ಮನೆಗೆ ಬೀಗ ಹಾಕಿದರೆ ಅತ್ತೆ ಕೀಲಿ ಹಾಕುತ್ತಾರೆ. ಪಕ್ಕದ ಮನೆಯವರು ಮಂಗಳೂರಿನವರು, ಅವರು ಬಕೀಟನ್ನು ಬಾಲ್ದಿ ಅನ್ನುತ್ತಾರೆ. ಒಂದೇ ಮಹಡಿಯಲ್ಲಿ ಇಷ್ಟು ಪದ ಸಿಕ್ಕಿದರೆ ನಿಮ್ಮ ಬೀದಿಯಲ್ಲಿ ಇನ್ನೆಷ್ಟಿರಬೇಡ.

ಪ್ರತಿ ಪದದ ಮುಂದೆ ಮೂರು ಸಂಗತಿ ಬರಲಿ: ಅದರಲ್ಲಿ ಏನನ್ನು ಇಡುತ್ತಾರೆ, ಯಾವುದರಿಂದ ಮಾಡಿದ್ದು, ಹೇಳಿದವರ ಊರು ಯಾವುದು. ಮೂರನೆಯದನ್ನು ಬಿಟ್ಟರೆ ಮುಂದೆ ಒದ್ದಾಡುತ್ತೀರಿ. ಕರಾವಳಿಯ ಪದ ಹಡಗಿನಲ್ಲಿ ಬಂದಿರಬಹುದು, ಬೆಳಗಾವಿ ಕಡೆಯದು ಮರಾಠಿಯ ಗಡಿ ದಾಟಿ ಬಂದಿರಬಹುದು, ಕೋಲಾರದ್ದು ತೆಲುಗಿನಿಂದ. ಪದದ ಊರೇ ಅದರ ಮೊದಲ ಸುಳಿವು.

2. ಕಿವಿಯಲ್ಲೇ ಒಂದು ಸಲ ಜರಡಿ ಹಿಡಿಯಿರಿ

ಪಟ್ಟಿ ಸಿದ್ಧವಾದ ಮೇಲೆ ಒಂದೊಂದೇ ಪದವನ್ನು ಗಟ್ಟಿಯಾಗಿ ಹೇಳಿ ನೋಡಿ. ಕನ್ನಡದ ಸದ್ದುಗಳಿಗೆ ಕೆಲವು ನಡವಳಿಕೆಗಳಿವೆ. ಅವು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ಖ, ಘ, ಭ, ಠದಂಥ ಮಹಾಪ್ರಾಣ ಇದ್ದರೆ ಪದ ಹೊರಗಿನಿಂದ ಬಂದಿದೆ: ಖಾನೆ, ಖಜಾನೆ, ಭಂಡಾರ, ಕೊಠಡಿ. ಆದರೆ ಮಾತಿನಲ್ಲಿ ನಾವು ಮಹಾಪ್ರಾಣವನ್ನು ಸಲೀಸಾಗಿ ನುಂಗುತ್ತೇವೆ. ಹಾಗಾಗಿ ಮಹಾಪ್ರಾಣ ಇಲ್ಲವೆಂದ ಮಾತ್ರಕ್ಕೆ ಪದ ನಮ್ಮದು ಎಂದು ತೀರ್ಮಾನಿಸುವಂತಿಲ್ಲ. ಗಡಿಗೆ ಇದಕ್ಕೆ ಒಳ್ಳೆಯ ಉದಾಹರಣೆ, ಅದರ ಮೂಲ ಘಟಿಕಾ.

ಎರಡನೆಯದು ನನಗೆ ತೀರ ಇಷ್ಟವಾದ ಗುರುತು: ಇಗೆ ಎಂಬ ಬಾಲ. ಪೆಟ್ಟಿಗೆ, ತಂಬಿಗೆ, ಗಡಿಗೆ, ಕರಡಿಗೆ, ಜೋಳಿಗೆ. ಒಂದೇ ಕಡೆ ಬರೆದಾಗ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಅಲ್ಲವೇ? ಸಂಸ್ಕೃತ-ಪ್ರಾಕೃತಗಳಲ್ಲಿ ಚಿಕ್ಕದೆಂದು ಸೂಚಿಸಲು ಇಕಾ ಎಂದು ಸೇರಿಸುತ್ತಿದ್ದರು. ಅದು ಕನ್ನಡದ ಬಾಯಿಗೆ ಬಂದು ಇಗೆ ಆಯಿತು. ದೀಪಿಕಾ ದೀವಿಗೆಯಾಯಿತು, ಪೇಟಿಕಾ ಪೆಟ್ಟಿಗೆಯಾಯಿತು. ಕರಂಡಕ ಕರಡಿಗೆಯಾಯಿತು. ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಸಂಪುಟಕ್ಕೆ ಇವತ್ತೂ ಕರಡಿಗೆ ಎಂದೇ ಹೆಸರು. ಕರಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಹಾಗೆಂದು ಬಾಲ ಕಂಡಲ್ಲೆಲ್ಲ ಸಂಸ್ಕೃತ ಎಂದು ಕೂಗಬೇಡಿ. ಏಳಿಗೆ, ಬರವಣಿಗೆಗಳಲ್ಲಿ ಇರುವ ಇಗೆ, ಅಣಿಗೆಗಳು ನಮ್ಮ ಮನೆಯವೇ. ಅಲ್ಲಿ ಬಾಲ ಕಿತ್ತರೆ ಏಳು, ಬರೆ ಎಂಬ ಕ್ರಿಯಾಪದ ಸಿಗುತ್ತದೆ. ಪೆಟ್ಟಿಗೆಯ ಬಾಲ ಕಿತ್ತರೆ ಪೆಟ್ಟು ಮಾತ್ರ ಸಿಗುತ್ತದೆ!

ಮೂರನೆಯದು ಪಕಾರದ ಪರೀಕ್ಷೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪ ಕಾಲ ಸರಿದಂತೆ ಹ ಆಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊಟ್ಟೆ ಹೊಟ್ಟೆಯಾಯಿತು. ಹಳೆಯ ಎರವಲುಗಳೂ ಈ ಅಲೆಗೆ ಸಿಕ್ಕವು, ಪಾದುಕೆ ಹಾವುಗೆಯಾದದ್ದು ಹಾಗೆ. ಹೀಗಿರುವಾಗ ಇವತ್ತಿಗೂ ಪಕಾರ ಉಳಿಸಿಕೊಂಡು ಕೂತ ಪಾತ್ರೆ, ಪೀಪಾಯಿ, ಪಿಂಗಾಣಿಯಂಥವನ್ನು ಕಂಡರೆ “ನೀನು ಯಾವೂರವನಪ್ಪಾ?” ಎಂದು ಕೇಳಲೇಬೇಕು. ಪಾತ್ರೆ ಸಂಸ್ಕೃತದ ಪಾತ್ರ. ಪೀಪಾಯಿ ಪೋರ್ಚುಗೀಸರ ಪಿಪ, ಮದ್ಯ ತುಂಬುವ ಮರದ ಉರುಟು ಡ್ರಮ್ಮು. ಪಿಂಗಾಣಿಯ ಹಿಂದೆ ಪಾರಸಿಯ ಪಿಂಗಾನ್ ಇದೆ, ಅಂದರೆ ಬಟ್ಟಲು. ನಾವು ಬಟ್ಟಲನ್ನು ಮರೆತು, ಅದನ್ನು ಮಾಡಿದ ಬಿಳಿ ಮಣ್ಣಿಗೆ ಆ ಹೆಸರು ಉಳಿಸಿಕೊಂಡೆವು.

3. ನೆರೆಮನೆಯವರನ್ನು ವಿಚಾರಿಸಿ

ಪದ ನಮ್ಮದೇ ಇರಬಹುದು ಅನ್ನಿಸಿದರೆ ತಮಿಳು, ತೆಲುಗು, ಮಲಯಾಳ, ತುಳು ಬಲ್ಲವರನ್ನು ಕೇಳಿ. ಒಂದೇ ವಸ್ತುವಿಗೆ ಹತ್ತಿರದ ಸದ್ದಿನ ಪದ ಅವರಲ್ಲೂ ಇದ್ದರೆ, ಮತ್ತು ಸದ್ದಿನ ವ್ಯತ್ಯಾಸ ಬೇರೆ ಪದಗಳಲ್ಲೂ ಅದೇ ಕ್ರಮದಲ್ಲಿ ಬಂದರೆ, ಪದ ಹಳೆಯ ದ್ರಾವಿಡ ಮನೆಯದು ಎನ್ನಬಹುದು. ಕ್ರಮ ಎಂಬ ಮಾತಿಗೆ ಒತ್ತು ಕೊಡಿ. ಒಂದು ಪದ ಹೋಲಿದರೆ ಅದು ಕಾಕತಾಳೀಯ, ಹತ್ತು ಪದ ಒಂದೇ ರೀತಿ ಬೇರೆಯಾದರೆ ಅದು ನಿಯಮ.

ಕೊಡವನ್ನೇ ನೋಡಿ. ತಮಿಳಿನಲ್ಲಿ ಕುಡಂ. ನಮ್ಮ ಒರಳು ಅವರ ಉರಲ್, ನಮ್ಮ ಕೊಡೆ ಅವರ ಕುಡೈ, ನಮ್ಮ ಒಡಲು ಅವರ ಉಡಲ್. ಅವರ ಮೊದಲಕ್ಷರದ ಉ ನಮ್ಮಲ್ಲಿ ಒ ಆಗುವುದು ಲೆಕ್ಕಾಚಾರದಂತೆ ನಡೆದಿದೆ. (ಸಂಸ್ಕೃತದಲ್ಲೂ ಕುಟ ಎಂಬ ಮಡಕೆ ಇದೆ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಪಂಡಿತರ ಹಳೆಯ ಜಗಳ. ನಾನು ಅದರೊಳಗೆ ಕೈಹಾಕುವುದಿಲ್ಲ.) ಹಾಗೇ ನಮ್ಮ ಬಕಾರಕ್ಕೆ ತಮಿಳಿನಲ್ಲಿ ವಕಾರ: ಬಾಯಿ–ವಾಯ್, ಬಿಲ್ಲು–ವಿಲ್, ಬಯಲು–ವಯಲ್. ಹಾಗಾಗಿ ಬಟ್ಟಲಿನ ಜೊತೆಗಾರ ಅಲ್ಲಿ ವಟ್ಟಿಲ್. ಬಟ್ಟ, ವಟ್ಟ ಅಂದರೆ ದುಂಡಗಿನದು. ಬಟ್ಟಲು ಎಂದರೆ ದುಂಡಗಿನ ಪಾತ್ರೆ, ಅಷ್ಟೇ. ಚೌಕಾಕಾರದ ಬಟ್ಟಲು ಎಂದು ಅಂಗಡಿಯವರು ಮಾರುವಾಗ ನನಗೆ ಸಣ್ಣಗೆ ನಗು ಬರುತ್ತದೆ.

ಗೂಡು ಇದೇ ಬಳಗದ್ದು, ತಮಿಳಿನಲ್ಲಿ ಕೂಡು. ಕನ್ನಡಿಗರು ಈ ಪದವನ್ನು ದುಡಿಸಿಕೊಂಡಷ್ಟು ಬೇರೆ ಯಾವುದನ್ನೂ ದುಡಿಸಿಕೊಂಡಿಲ್ಲ ಅನ್ನಿಸುತ್ತದೆ. ಹಕ್ಕಿಗೆ ಗೂಡು, ಜೇನಿಗೆ ಗೂಡು, ಗೋಡೆಯಲ್ಲಿ ದೀಪಕ್ಕೆ ಗೂಡು, ದೀಪಾವಳಿಗೆ ಗೂಡುದೀಪ, ಬೀದಿಯಲ್ಲಿ ಗೂಡಂಗಡಿ, ಎದೆಯಲ್ಲಿ ಎದೆಗೂಡು. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವುದು ರೇಷ್ಮೆಗೂಡು. ಒಳಗೊಂದು ಜೀವವೋ ಬೆಳಕೋ ಇರಬೇಕು, ಸುತ್ತ ಒಂದಿಷ್ಟು ಆಸರೆ ಇರಬೇಕು, ನಾವು ಅದನ್ನು ಗೂಡು ಎನ್ನುತ್ತೇವೆ.

ನೆರೆಯವರನ್ನು ಕೇಳುವುದರಿಂದ ಇನ್ನೊಂದು ಲಾಭವಿದೆ. ನಮ್ಮದೆಂದುಕೊಂಡದ್ದು ನೆರೆಯಿಂದ ಬಂದದ್ದು ಎಂದೂ ಗೊತ್ತಾಗುತ್ತದೆ. ಚೊಂಬಿನ ಕತೆ ಅದೇ, ಅದಕ್ಕೆ ಈಗ ಬರುತ್ತೇನೆ.

4. ಹೆಸರಿಟ್ಟವರು ಏನನ್ನು ನೋಡಿದರು ಎಂದು ಕೇಳಿಕೊಳ್ಳಿ

ಪಾತ್ರೆ-ಪೆಟ್ಟಿಗೆಗಳಿಗೆ ಜನ ಹೆಸರಿಡುವಾಗ ಯಾವುದೋ ಒಂದು ಗುಣವನ್ನು ಹಿಡಿಯುತ್ತಾರೆ. ಯಾವುದರಿಂದ ಮಾಡಿದ್ದು, ಆಕಾರ ಹೇಗೆ, ಒಳಗೇನಿದೆ, ಹೇಗೆ ಮುಚ್ಚುತ್ತದೆ, ಹೇಗೆ ತೆರೆಯುತ್ತೇವೆ. ಯಾವ ಗುಣ ಎಂದು ಊಹಿಸಿದರೆ ಬೇರು ಹತ್ತಿರವಾಗುತ್ತದೆ. ಇಡೀ ಹುಡುಕಾಟದಲ್ಲಿ ಮಜಾ ಇರುವುದು ಇಲ್ಲೇ.

ಅಮ್ಮನ ಚೊಂಬು ಮತ್ತು ಅತ್ತೆಯ ತಂಬಿಗೆ ಎರಡನ್ನೂ ಪಕ್ಕಪಕ್ಕ ಇಡಿ. ತಮಿಳು, ಮಲಯಾಳಗಳಲ್ಲಿ ಚೆಂಬು ಅಂದರೆ ತಾಮ್ರ. ಕೆಂಪಗಿನ ಲೋಹ, ಅದಕ್ಕೇ ಆ ಹೆಸರು. ಹಳೆಯ ಕೆ, ಕಿ ಸದ್ದನ್ನು ಕನ್ನಡ ಹಾಗೇ ಕಾಪಾಡಿಕೊಂಡಿದ್ದರೆ ನೆರೆಯವರು ಅದನ್ನು ಚೆ, ಚಿ ಮಾಡಿಕೊಂಡರು. ನಮ್ಮ ಕಿವಿ ತೆಲುಗರ ಚೆವಿ, ನಮ್ಮ ಕೆರೆ ಅವರ ಚೆರುವು. ಆದ್ದರಿಂದ ಈ ಪದ ನಮ್ಮಲ್ಲೇ ಹುಟ್ಟಿ ಬೆಳೆದಿದ್ದರೆ ಕೆಂಬು ಎಂದಿರಬೇಕಿತ್ತು. ಚಕಾರ ಇರುವುದರಿಂದಲೇ ಇದು ಗಡಿ ದಾಟಿ ಬಂದ ನಂಟ ಎಂದು ಹೇಳಬಹುದು. ಇನ್ನು ತಂಬಿಗೆ. ಸಂಸ್ಕೃತದ ತಾಮ್ರ ಪ್ರಾಕೃತದಲ್ಲಿ ತಂಬ ಆಯಿತು, ಇಗೆ ಬಾಲ ಸೇರಿ ತಂಬಿಗೆ. ಮರಾಠಿಯಲ್ಲಿ ತಾಮ್ರಕ್ಕೆ ತಾಂಬೆ, ಚೊಂಬಿಗೆ ತಾಂಬ್ಯಾ. ಅಂದರೆ ಅಮ್ಮನೂ ಅತ್ತೆಯೂ ಇಷ್ಟು ವರ್ಷ ಒಂದೇ ಮಾತನ್ನು ಆಡುತ್ತಿದ್ದರು: ತಾಮ್ರದ್ದು. ಒಬ್ಬರು ದಕ್ಷಿಣದ ದಾರಿಯಿಂದ, ಇನ್ನೊಬ್ಬರು ಉತ್ತರದ ದಾರಿಯಿಂದ. ಈಗ ಎರಡೂ ಮನೆಯಲ್ಲಿ ಇರುವುದು ಸ್ಟೀಲಿನದು.

ಆಕಾರದಿಂದ ಬಂದ ಬಟ್ಟಲನ್ನು ಆಗಲೇ ನೋಡಿದೆವು. ಕಟ್ಟುವ ಕ್ರಿಯೆಯಿಂದ ಬಂದದ್ದು ಕರಾವಳಿಯ ಅಕ್ಕಿಮುಡಿ. ಭತ್ತದ ಹುಲ್ಲಿನಲ್ಲಿ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದಲೇ ಬಿಗಿದು ಉರುಟು ಮಾಡುತ್ತಿದ್ದರು, ಒಂದು ಮುಡಿಗೆ 42 ಸೇರು. ಕೂದಲನ್ನು ಗಂಟು ಹಾಕಿದರೂ ಮುಡಿಯೇ. ತೆರೆಯುವ ರೀತಿಯಿಂದ ಬಂದದ್ದು ಸೆಳೆಖಾನೆ: ಮೇಜಿನಿಂದ ಸೆಳೆದು ತೆಗೆಯುವ ಖಾನೆ. ಈಗ ಎಲ್ಲರೂ ಡ್ರಾಯರ್ ಅನ್ನುತ್ತಾರೆ, ಅದರ ಒಳಗಿರುವ ಅರ್ಥವೂ ಸೆಳೆಯುವುದೇ. ಮಾಡಿದ ಮರದಿಂದ ಬಂದದ್ದು ಟ್ರಂಕು. ಮರದ ಕಾಂಡಕ್ಕೆ ಇಂಗ್ಲಿಷಿನಲ್ಲಿ ಅದೇ ಹೆಸರು, ಕಾಂಡ ಕೊರೆದು ಪೆಟ್ಟಿಗೆ ಮಾಡುತ್ತಿದ್ದರು. ಮಂಚದ ಕೆಳಗಿನ ತಗಡಿನ ಟ್ರಂಕಿಗೆ ಆ ನೆನಪಿಲ್ಲ.

ಕಪಾಟಿನ ಸಂಬಂಧಿಕರ ಕತೆ ಇನ್ನೂ ಸೊಗಸು. ಅಲಮಾರು ಪೋರ್ಚುಗೀಸರ ಅರ್ಮಾರಿಯೊ, ಅದರ ಹಿಂದೆ ಲ್ಯಾಟಿನ್ನಿನ ಅರ್ಮಾರಿಯಂ, ಆಯುಧಗಳನ್ನು ಇಡುವ ಜಾಗ. ನಾವು ಅದರಲ್ಲಿ ರೇಷ್ಮೆ ಸೀರೆ ಇಡುತ್ತೇವೆ. ಹಳೇ ಮೈಸೂರಿನವರ ಬೀರು ಫ್ರೆಂಚರ ಬ್ಯೂರೋ. ಮೊದಲು ಅದು ಒರಟು ಉಣ್ಣೆ ಬಟ್ಟೆಯ ಹೆಸರು. ಆಮೇಲೆ ಆ ಬಟ್ಟೆ ಹೊದಿಸಿದ ಬರೆಯುವ ಮೇಜು, ಆಮೇಲೆ ಮೇಜು ಇರುವ ಕಚೇರಿ. ಸುದ್ದಿವಾಹಿನಿಯವರ ಬೆಂಗಳೂರು ಬ್ಯೂರೋ ಕೂಡ ನಿಮ್ಮ ಮನೆಯ ಕಬ್ಬಿಣದ ಬೀರುವಿನ ದಾಯಾದಿ. ಬಾಲ್ದಿಯೂ ಪೋರ್ಚುಗೀಸಿನದೇ, ಅಲ್ಲಿ ಬಾಲ್ದೆ. ಹಿಂದಿಯವರ ಬಾಲ್ಟಿಯೂ ಅದೇ. 1510ರಲ್ಲಿ ಗೋವಾ ಹಿಡಿದವರು ನಮ್ಮ ಬಚ್ಚಲುಮನೆಯವರೆಗೂ ಬಂದರು ನೋಡಿ.

ಒಳಗಿರುವ ವಸ್ತುವಿನಿಂದ ಹೆಸರು ಬಂದಾಗ ವಸ್ತು ಬದಲಾದರೂ ಹೆಸರು ಕದಲುವುದಿಲ್ಲ. ಅರಬ್ಬಿಯಲ್ಲಿ ಗಲ್ಲಾ ಅಂದರೆ ಬೆಳೆ, ಧಾನ್ಯ, ಅದರ ಆದಾಯ. ಅಂಗಡಿಯ ದುಡ್ಡಿನ ಪೆಟ್ಟಿಗೆ ಗಲ್ಲಾಪೆಟ್ಟಿಗೆಯಾಯಿತು. ಧಾನ್ಯ ಹೋಯಿತು, ಈಗ ಪೆಟ್ಟಿಗೆಯೂ ಹೋಗಿ ಕ್ಯೂಆರ್ ಕೋಡ್ ಬಂದಿದೆ. ಆದರೂ ಸಿನಿಮಾ ಪುಟದಲ್ಲಿ ಚಿತ್ರಗಳು ಇನ್ನೂ ಗಲ್ಲಾಪೆಟ್ಟಿಗೆಯನ್ನೇ ಸೂರೆ ಮಾಡುತ್ತಿವೆ.

5. ಈಗ ನಿಘಂಟು ತೆರೆಯಿರಿ

ಊಹೆ ಬರೆದಿಟ್ಟುಕೊಂಡ ಮೇಲೆ ನಿಘಂಟಿಗೆ ಹೋಗಿ, ಮೊದಲೇ ಹೋದರೆ ಕಿವಿ ಸೋಮಾರಿಯಾಗುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಮುದ್ರಿಸಿದ ಕಿಟೆಲ್ ನಿಘಂಟು ಮೊದಲ ನಿಲ್ದಾಣ. ಪದ ತದ್ಭವವಾಗಿದ್ದರೆ ಯಾವುದರ ತದ್ಭವ, ಮರಾಠಿ-ಹಿಂದೂಸ್ತಾನಿಗಳಿಂದ ಬಂದಿದ್ದರೆ ಎಲ್ಲಿಂದ ಎಂದು ಪುಟ್ಟ ಗುರುತುಗಳಲ್ಲಿ ಹೇಳುತ್ತದೆ. ಪುಸ್ತಕದ ಮೊದಲಿಗಿರುವ ಸಂಕೇತಗಳ ಪಟ್ಟಿಯನ್ನು ಒಮ್ಮೆ ಓದದೆ ಒಳಗೆ ಹೋಗಬೇಡಿ. ಎರಡನೆಯದು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು. ಇದರ ಬೆಲೆ ಇರುವುದು ಪ್ರಯೋಗಗಳಲ್ಲಿ: ಶಾಸನಗಳಲ್ಲಿ, ಹಳೆಯ ಕಾವ್ಯಗಳಲ್ಲಿ ಪದ ಎಲ್ಲಿ, ಯಾವ ಅರ್ಥದಲ್ಲಿ ಬಂದಿದೆ ಎಂದು ಉದಾಹರಣೆ ಸಮೇತ ಸಿಗುತ್ತದೆ. ದ್ರಾವಿಡ ನಂಟಿಗೆ ಬರೋ ಮತ್ತು ಎಮೆನೋ ಮಾಡಿದ ಜ್ಞಾತಿಪದ ಕೋಶ ನೋಡಿ, ಅಂದರೆ ಒಂದೇ ಬೇರಿನ ದ್ರಾವಿಡ ಪದಗಳನ್ನು ಒಟ್ಟಿಗೆ ಕೊಡುವ ನಿಘಂಟು. 1961ರದ್ದಕ್ಕಿಂತ 1984ರ ಪರಿಷ್ಕೃತ ಮುದ್ರಣ ಒಳ್ಳೆಯದು. ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅದು ಬಿಟ್ಟಿಯಾಗಿಯೇ ಇದೆ, ತಮಿಳು, ಮರಾಠಿ, ಪಾರಸಿಯ ಹಳೆಯ ನಿಘಂಟುಗಳೂ ಅಲ್ಲೇ ಸಿಗುತ್ತವೆ. ಹಕಾರದ ಪದ ಸಿಗದಿದ್ದರೆ ಪಕಾರದಲ್ಲಿ ಹುಡುಕಿ. ಇದನ್ನು ಮರೆತು ನಾನು ಎಷ್ಟು ಸಂಜೆ ಹಾಳು ಮಾಡಿದ್ದೇನೋ.

ನಿಘಂಟಿನಲ್ಲಿ ನೋಡಬೇಕಾದದ್ದು ಎರಡೇ: ಪದದ ಅತಿ ಹಳೆಯ ಅರ್ಥ, ಮತ್ತು ಅದು ಕಾಣಿಸಿಕೊಂಡ ಕಾಲ. ಗೋಣಿಚೀಲ ಬ್ರಿಟಿಷರ ಸೆಣಬಿನ ಗಿರಣಿಯ ಜೊತೆ ಬಂತು ಎಂದು ನನಗೊಬ್ಬರು ವಾದಿಸಿದ್ದರು. ಪಾಣಿನಿಯ ವ್ಯಾಕರಣದಲ್ಲೇ ಗೋಣೀ ಎಂಬ ಪದಕ್ಕೆ ತುಂಬಿಡುವ ಚೀಲ ಎಂಬ ಅರ್ಥದ ಸೂತ್ರ ಇದೆ. ಇಂಗ್ಲಿಷರು ಗನ್ನಿ ಎನ್ನುವುದು ನಮ್ಮಿಂದ ಒಯ್ದದ್ದು. ಕಾಲ ನೋಡಿದರೆ ವಾದವೇ ಇರುವುದಿಲ್ಲ.

6. ಮನೆ ಬಿಟ್ಟು ಹೊರಟ ಪದದ ಹಿಂದೆ ಹೋಗಿ

ಪಾತ್ರೆಗಳ ಹೆಸರು ಪಾತ್ರೆಯಲ್ಲೇ ಉಳಿಯುವುದಿಲ್ಲ. ಒಂದು ಪದದ ಬೇರು ಸಿಕ್ಕಿದ ಮೇಲೆ ಅದೇ ಬೇರಿನಿಂದ ಇನ್ನೇನು ಚಿಗುರಿದೆ ಎಂದು ನೋಡಿದರೆ ನಿಮ್ಮ ಊಹೆ ಸರಿಯೋ ಇಲ್ಲವೋ ಎಂಬುದಕ್ಕೂ ಒಂದು ತಾಳೆ ಸಿಗುತ್ತದೆ.

ಗಡಿಗೆಯನ್ನು ಹಿಡಿಯಿರಿ. ಘಟ ಅಂದರೆ ಮಡಕೆ, ಘಟಿಕಾ ಚಿಕ್ಕ ಮಡಕೆ. ಹಿಂದೆ ಹೊತ್ತು ಅಳೆಯಲು ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ನೀರು ತುಂಬಿ ಅದು ಮುಳುಗಲು ಹಿಡಿಯುವ ಹೊತ್ತೇ ಒಂದು ಘಟಿಕೆ, ಈಗಿನ 24 ನಿಮಿಷ. ದಿನಕ್ಕೆ 60. ಅದು ಕನ್ನಡದಲ್ಲಿ ಗಳಿಗೆಯಾಯಿತು. ಮದುವೆಯ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಗಡಿಯಾರದ ಮೊದಲಿಗೂ ಅದೇ ಘಟಿಕೆ ಕೂತಿದೆ. ಅಂದರೆ ಅಡುಗೆಮನೆಯ ಗಡಿಗೆ, ಗೋಡೆಯ ಗಡಿಯಾರ, “ಒಂದು ಗಳಿಗೆ ಇರಪ್ಪ” ಎನ್ನುವ ಮಾತು, ಮೂರೂ ಒಂದೇ ಮಣ್ಣಿನಲ್ಲಿ ಮಾಡಿದವು. ಇನ್ನೂ ಒಂದು ಸಂಗತಿ: ಆಗ ಹೇಳಿದ ಪಾರಸಿಯ ಪಿಂಗಾನ್ ಇದೆಯಲ್ಲ, ಇರಾನಿನಲ್ಲಿ ಕಾಲುವೆ ನೀರನ್ನು ರೈತರಿಗೆ ಸರದಿಯಂತೆ ಹಂಚಲು ಬಳಸುತ್ತಿದ್ದ ತೂತು ಬಟ್ಟಲಿಗೂ ಅದೇ ಹೆಸರು.

ಪಾತ್ರದ ಒಳಗೆ ಪಾ ಎಂಬ ಧಾತು ಇದೆ, ಕುಡಿಯುವುದು ಎಂದರ್ಥ. ಪಾನ, ಪಾನಕಗಳಲ್ಲಿರುವುದೂ ಅದೇ. ಕುಡಿಯಲು ಸಾಧನವಾದದ್ದು ಪಾತ್ರ. ಆಮೇಲೆ ನೀರು ಹಿಡಿದಿಟ್ಟುಕೊಳ್ಳುವ ನದಿಯ ಪಾತ್ರ, ದಾನವನ್ನು ತುಂಬಿಕೊಳ್ಳಲು ತಕ್ಕವನಾದ ಸತ್ಪಾತ್ರ, ನಟ ತನ್ನನ್ನು ತುಂಬುವ ನಾಟಕದ ಪಾತ್ರ. ಕನ್ನಡ ಜಾಣತನದಿಂದ ಎರಡು ಮಾಡಿಕೊಂಡಿತು: ತೊಳೆಯುವುದು ಪಾತ್ರೆ, ಮಾಡುವುದು ಪಾತ್ರ.

ಖಾನೆ ಪಾರಸಿಯಲ್ಲಿ ಮನೆ. ಕಾರ್ಖಾನೆ ಕೆಲಸದ ಮನೆ, ದವಾಖಾನೆ ಔಷಧದ ಮನೆ. ಹಳೆಯ ಮೈಸೂರಿನಲ್ಲಿ ಜನಗಣತಿಗೆ ಖಾನೇಷುಮಾರಿ ಎನ್ನುತ್ತಿದ್ದರು, ಮನೆಗಳ ಎಣಿಕೆ. ಮನೆ ಕುಗ್ಗಿ ಕುಗ್ಗಿ ಮೇಜಿನೊಳಗಿನ ಖಾನೆಯಾಯಿತು. ಕೋಶವೂ ಹೀಗೇ ಹರಡಿದ ಪದ: ಒರೆ, ಬೊಕ್ಕಸ, ರೇಷ್ಮೆಗೂಡು, ಜೀವಕೋಶ, ಶಬ್ದಗಳ ಬೊಕ್ಕಸವಾದ ಶಬ್ದಕೋಶ.

ಆದರೆ ದೂರ ಹೋದದ್ದು ಜೇಬು. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ. 499ರ ಸುಮಾರಿಗೆ ಆರ್ಯಭಟನ ಗಣಿತದಲ್ಲಿ ವೃತ್ತದ ಅರ್ಧಜ್ಯಾ ಬರುತ್ತದೆ, ಅಂದರೆ ಬಿಲ್ಲಿನ ಹೆದೆಯ ಹಾಗೆ ವೃತ್ತಕ್ಕೆ ಅಡ್ಡ ಎಳೆದ ಗೆರೆಯ ಅರ್ಧ. ಅರಬ್ಬರು ಜೀವಾವನ್ನು ತಮ್ಮ ಲಿಪಿಯಲ್ಲಿ ಜ-ಯ-ಬ ಎಂದು ಬರೆದುಕೊಂಡರು, ಅವರ ಬರಹದಲ್ಲಿ ಸಣ್ಣ ಸ್ವರಗಳನ್ನು ಬರೆಯುವ ರೂಢಿಯಿಲ್ಲ. ಓದುವವರು ಅದನ್ನು ಜೈಬ್ ಎಂದು ಓದಿದರು, ಅಂದರೆ ಅಂಗಿಯ ಎದೆಯ ಮಡಿಕೆ, ನಮ್ಮ ಜೇಬು. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಮಾಡಿದವರು ಮಡಿಕೆ ಎಂಬ ಅರ್ಥದ ಸೈನಸ್ ಹಾಕಿದರು. ಕಾಲೇಜು ಹುಡುಗರು ಹೆದರುವ ಸೈನ್ ಅಲ್ಲಿಂದ ಬಂದದ್ದು. ಅಂಗಿಯ ಜೇಬಿನಲ್ಲಿ ಕೈಯಿಟ್ಟುಕೊಂಡು ತ್ರಿಕೋನಮಿತಿ ಓದುವ ಹುಡುಗನಿಗೆ ಎರಡೂ ಕಡೆ ಒಂದೇ ಪದ. ಅತ್ತೆಯ ಕಿಸೆಯೂ ಅರಬ್ಬಿಯದೇ, ಕೀಸ್ ಅಂದರೆ ಚೀಲ, ಹಣದ ಸಂಚಿ. ಅದು ಪಾರಸಿ, ಮರಾಠಿಗಳ ದಾರಿ ಹಿಡಿದು ಧಾರವಾಡಕ್ಕೆ ಬಂತು.

7. ಕಾಲು ಜಾರುವ ಜಾಗಗಳು

ಒಂದೇ ಸದ್ದಿನ ಎರಡು ಪದ ಬಹಳ ಸಲ ಸಿಗುತ್ತವೆ. ಕಾರಿನ ಹಿಂದಿನ ಡಿಕ್ಕಿಗೂ ರಸ್ತೆಯ ಡಿಕ್ಕಿಗೂ ಸಂಬಂಧ ಕಲ್ಪಿಸಿದವರನ್ನು ನೋಡಿದ್ದೇನೆ, ಹಿಂದಿನಿಂದ ಬಂದು ಗುದ್ದುವುದೇ ಅಲ್ಲಿಗಂತೆ! ಹಳೆಯ ಮೋಟಾರುಗಳ ಹಿಂಭಾಗದಲ್ಲಿ ಮಡಿಸಿಡುವ ಹೆಚ್ಚುವರಿ ಆಸನಕ್ಕೆ ಇಂಗ್ಲಿಷಿನಲ್ಲಿ ಡಿಕಿ ಎಂಬ ಹೆಸರಿತ್ತು. ಆಸನ ಹೋಗಿ ಸಾಮಾನಿನ ಜಾಗ ಬಂತು, ಹೆಸರು ಉಳಿಯಿತು. ಗುದ್ದುವ ಡಿಕ್ಕಿ ಬೇರೆ. ಕಾಳು ತುಂಬುವ ಕಣಜಕ್ಕೂ ಕಚ್ಚುವ ಕಣಜಕ್ಕೂ ಹೀಗೇ: ಆ ಹುಳಕ್ಕೆ ಕಡಜ ಎಂಬ ಇನ್ನೊಂದು ರೂಪವಿದೆ, ಕಾಳಿನ ಕಣಜವನ್ನು ಯಾರೂ ಕಡಜ ಅನ್ನುವುದಿಲ್ಲ. ಅಳತೆಯ ಪಾವು ಕಾಲು ಭಾಗ, ಸಂಸ್ಕೃತದ ಪಾದದಿಂದ ಬಂದದ್ದು. ಪಾವ್ ಭಾಜಿಯ ಪಾವ್ ಪೋರ್ಚುಗೀಸರ ಬ್ರೆಡ್ಡು.

ಪದ ಒಂದೇ ಆದರೂ ವಸ್ತು ಬೇರೆಯಾಗಿರುವುದೂ ಉಂಟು. ನಮ್ಮ ಲೋಟದಲ್ಲಿ ಕಾಫಿ ಕುಡಿಯುತ್ತೇವೆ. ಹಿಂದಿಯವರ ಲೋಟಾ ನಮ್ಮ ಚೊಂಬು. ದೆಹಲಿಯಲ್ಲಿ ಲೋಟಾ ಕೇಳುವ ಮುನ್ನ ಯೋಚಿಸಿ. ರೈಲಿನ ಬೋಗಿ ಇಂಗ್ಲಿಷಿನಲ್ಲಿ ಗಾಡಿಯ ಅಡಿಯ ಚಕ್ರಗಳ ಚೌಕಟ್ಟು ಮಾತ್ರ, ನಾವು ಇಡೀ ಡಬ್ಬಿಗೆ ಆ ಹೆಸರು ಕೊಟ್ಟಿದ್ದೇವೆ.

ಎಲ್ಲಕ್ಕಿಂತ ಅಪಾಯ ಚೆಂದದ ಕತೆ. ರಾಜ, ಅಜ್ಜಿ, ದೇವರು ಇರುವ ಪದಮೂಲದ ಕತೆ ಕೇಳಿದರೆ ಜೇಬು ಮುಟ್ಟಿ ನೋಡಿಕೊಳ್ಳಿ. ವೀರಬಲ್ಲಾಳ ಬೆಂದ ಕಾಳು ತಿಂದು ಬೆಂದಕಾಳೂರು ಆಯಿತೆಂಬ ಕತೆ ಗೊತ್ತಲ್ಲ. ಬೇಗೂರಿನ ಶಾಸನದಲ್ಲಿ ಆ ರಾಜನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂದು ಕೊರೆದಿದೆ. ಊರಿನ ಹೆಸರಿಗೇ ಹೀಗಾದರೆ ಚೊಂಬಿನ ಹೆಸರಿಗೆ ಎಷ್ಟು ಕತೆ ಹುಟ್ಟಬೇಡ.

8. ಚೀಟಿ ಬರೆದಿಡಿ

ಪದಕ್ಕೊಂದು ಚೀಟಿ. ಮೇಲೆ ಪದ, ಕೆಳಗೆ ಹೇಳಿದವರ ಊರು, ಕೇಳಿದ ದಿನ, ವಸ್ತುವಿನ ವಿವರ, ನಿಮ್ಮ ಊಹೆ, ನಿಘಂಟು ಹೇಳಿದ್ದು. ಊಹೆಯನ್ನೂ ನಿಘಂಟಿನದನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ನಿಮ್ಮ ಊಹೆಯೇ ನಿಮಗೆ ಶಾಸ್ತ್ರವಾಗಿ ಕಾಣುತ್ತದೆ, ನನಗಾಗಿದೆ.

ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ, ವಸ್ತುವೇ ಮನೆಯಿಂದ ಹೊರಟುಹೋದ ಪದಗಳಿಂದ. ಚೊಂಬು ಇನ್ನೂ ನೂರು ವರ್ಷ ಇದ್ದೀತು. ವಾಡೆ, ಗುಡಾಣ, ಕೊಳಗ, ಹಗೇವುಗಳನ್ನು ಬಳಸಿದವರು ಈಗ ಅಜ್ಜ-ಅಜ್ಜಿಯರು. ಹಗೇವಿನ ಬಗ್ಗೆ ಅತ್ತೆಯಿಂದ ಬರೆದುಕೊಂಡ ಚೀಟಿ ನನ್ನಲ್ಲಿ ಎರಡು ಪುಟ ಆಗಿದೆ. ನೆಲದೊಳಗೆ ತೋಡಿದ, ಬಾಯಿ ಚಿಕ್ಕದು ಒಡಲು ದೊಡ್ಡದಾದ ಗುಂಡಿ, ಅದರಲ್ಲಿ ಜೋಳ. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡು ಜೀವ ಹೋಗುತ್ತದೆ. ಬಾಯಿ ತೆರೆದು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನಷ್ಟು ಕಾಯಬೇಕು. ಆ ಬಾಯಿ ಮುಚ್ಚುವ ಕಲ್ಲಿಗೂ ಒಂದು ಹೆಸರಿತ್ತು, “ನಾಲಿಗಿ ತುದೀಗೆ ಐತಿ, ಬರವಲ್ದು” ಅಂದಿದ್ದಾರೆ ಅತ್ತೆ. ಚೀಟಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ. ಮುಂದಿನ ವಾರ ಅವರ ಅಕ್ಕ ಊರಿಂದ ಬರುತ್ತಾರೆ.